ಒಂದೇ ಎದೆಯಲ್ಲಿ ಎರಡು ಹೃದಯ

1970ರ ಜನವರಿಯಲ್ಲಿ ಬಿಬಿಸಿ ಪ್ರಸಾರ ಮಾಡಿದ ‘ಡಾಕ್ಟರ್ ಹೂ’ ಧಾರಾವಾಹಿಯ ಕಂತೊಂದರಲ್ಲಿ, ಪ್ರಜ್ಞೆ ತಪ್ಪಿ ಬಿದ್ದ ಅಪರಿಚಿತನೊಬ್ಬನನ್ನು ಇಂಗ್ಲೆಂಡಿನ ಸಣ್ಣ ಆಸ್ಪತ್ರೆಗೆ ತರುತ್ತಾರೆ. ಅವನ ಎಕ್ಸ್-ರೇ ನೋಡಿದ ವೈದ್ಯನಿಗೆ ಸಿಟ್ಟು ಬರುತ್ತದೆ. ಯಾರೋ ತನ್ನ ಜೊತೆ ಹುಡುಗಾಟ ಆಡುತ್ತಿದ್ದಾರೆ ಎಂದುಕೊಳ್ಳುತ್ತಾನೆ. ಚಿತ್ರದಲ್ಲಿ ಕಾಣುವುದು ಎರಡು ಹೃದಯ. ರೋಗಿ ಮನುಷ್ಯನಲ್ಲ, ಬೇರೆ ಗ್ರಹದ ‘ಟೈಮ್ ಲಾರ್ಡ್’. 1963ರಲ್ಲಿ ಶುರುವಾದ ಆ ಧಾರಾವಾಹಿಯ ನಾಯಕನಿಗೆ ಎರಡು ಹೃದಯಗಳಿವೆ ಎಂಬುದು ಅಲ್ಲಿಂದ ಮುಂದೆ ಅದರ ನೋಡುಗರಿಗೆಲ್ಲ ಗೊತ್ತಿರುವ ಮಾತಾಯಿತು.

ಅನ್ಯಗ್ರಹ ಜೀವಿಗಳಿಗೆ ಹೆಚ್ಚುವರಿ ಅಂಗಗಳನ್ನು ಕೊಡುವುದು ವಿಜ್ಞಾನ ಕಥೆಗಾರರಿಗೆ ಬಹಳ ಪ್ರಿಯವಾದ ಕಲ್ಪನೆ. 1992ರ ‘ಸ್ಟಾರ್ ಟ್ರೆಕ್’ ಕಂತೊಂದರಲ್ಲಿ ಕ್ಲಿಂಗನ್ ಎಂಬ ಯೋಧ ಜನಾಂಗದ ದೇಹವನ್ನು ವೈದ್ಯೆ ವಿವರಿಸುತ್ತಾಳೆ: ಎಂಟು ಕೋಣೆಗಳ ಹೃದಯ, ಎರಡು ಪಿತ್ತಜನಕಾಂಗ, 23 ಪಕ್ಕೆಲುಬು. ಇವೆಲ್ಲದರ ಹಿಂದಿರುವ ತರ್ಕ ಸರಳ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ. ಎರಡು ಕಣ್ಣು, ಎರಡು ಮೂತ್ರಪಿಂಡ, ಎರಡು ಶ್ವಾಸಕೋಶ ಇರುವ ನಮಗೆ ಹೃದಯ ಮಾತ್ರ ಒಂದೇ ಏಕೆ ಎಂಬ ಕೊರಗು ಆ ಕಲ್ಪನೆಯಲ್ಲಿದೆ. ಹೃದಯಾಘಾತದಲ್ಲಿ ಮನೆಯವರನ್ನು ಕಳೆದುಕೊಂಡ ಯಾರಿಗೂ ಈ ಕೊರಗು ಬಾಲಿಶ ಅನ್ನಿಸುವುದಿಲ್ಲ.

ಹಾಗಾದರೆ ಈ ಕಲ್ಪನೆಯನ್ನು ಅಂಗರಚನಾ ಶಾಸ್ತ್ರದ ಮೇಜಿನ ಮೇಲಿಟ್ಟು ನೋಡೋಣ. ಎರಡನೆಯ ಹೃದಯವನ್ನು ಎಲ್ಲಿ ಇಡಬೇಕು? ರಕ್ತನಾಳಗಳನ್ನು ಹೇಗೆ ಜೋಡಿಸಬೇಕು? ಎರಡರ ಮಿಡಿತವನ್ನು ಹೊಂದಿಸುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಸಾವಿರಾರು ವರ್ಷಗಳ ವೈದ್ಯಕೀಯ ಚರಿತ್ರೆ ತೆರೆದುಕೊಳ್ಳುತ್ತದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ದೆಹಲಿಯ ಕರೋಲ್ ಬಾಗಿನಲ್ಲಿ.

ಭೂಮಿಯ ಮೇಲಿನ ಬಹುಹೃದಯಿಗಳು

ಒಂದಕ್ಕಿಂತ ಹೆಚ್ಚು ಹೃದಯವಿರುವ ಜೀವಿಯನ್ನು ಕಾಣಲು ಬೇರೆ ಗ್ರಹಕ್ಕೆ ಹೋಗಬೇಕಿಲ್ಲ. ಆಕ್ಟೋಪಸ್‌ಗೆ ಮೂರು ಹೃದಯಗಳು. ಎರಡು ಹೃದಯಗಳು ಎರಡು ಕಿವಿರುಗಳಿಗೆ ರಕ್ತ ತಳ್ಳುತ್ತವೆ. ಅಲ್ಲಿ ಆಮ್ಲಜನಕ ತುಂಬಿಕೊಂಡು ಬಂದ ರಕ್ತವನ್ನು ಮೂರನೆಯದು ಇಡೀ ದೇಹಕ್ಕೆ ಹಂಚುತ್ತದೆ. ಅದರ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರವಿರುವ ವರ್ಣದ್ರವ್ಯ ಇರುವುದರಿಂದ ಬಣ್ಣ ನೀಲಿ. ಆಕ್ಟೋಪಸ್ ಈಜತೊಡಗಿದರೆ ದೇಹಕ್ಕೆ ರಕ್ತ ಹಂಚುವ ಆ ಮೂರನೆಯ ಹೃದಯ ನಿಂತುಬಿಡುತ್ತದೆ. ಆದ್ದರಿಂದಲೇ ಅದು ಬೇಗ ದಣಿಯುತ್ತದೆ, ಈಜುವುದಕ್ಕಿಂತ ತೆವಳುವುದನ್ನು ಇಷ್ಟಪಡುತ್ತದೆ. ನಮ್ಮ ಗದ್ದೆಯ ಎರೆಹುಳದ ದೇಹದಲ್ಲೂ ಹೃದಯದಂತೆ ಮಿಡಿಯುವ ನಾಳಗಳ ಜೋಡಿಗಳು ಸಾಲಾಗಿವೆ. ಕಪ್ಪೆಗೆ ರಕ್ತದ ಹೃದಯವಲ್ಲದೆ ದುಗ್ಧರಸವನ್ನು ರಕ್ತಕ್ಕೆ ಮರಳಿಸುವ ಪ್ರತ್ಯೇಕ ಪುಟ್ಟ ಹೃದಯಗಳೂ ಇವೆ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಇಲ್ಲಿ ಯಾವ ಹೃದಯವೂ ಇನ್ನೊಂದರ ಬದಲಿಯಾಗಿ ಸುಮ್ಮನೆ ಕಾದು ಕುಳಿತಿಲ್ಲ. ಪ್ರತಿಯೊಂದಕ್ಕೂ ಬೇರೆ ಕೆಲಸವಿದೆ, ಬೇರೆ ದಾರಿಯಿದೆ. ಆಕ್ಟೋಪಸ್‌ನ ದೇಹದ ಹೃದಯ ಕೆಟ್ಟರೆ ಕಿವಿರಿನ ಹೃದಯಗಳು ಅದರ ಕೆಲಸ ವಹಿಸಿಕೊಳ್ಳಲಾರವು. ಕಥೆಗಾರರು ಕೊಡುವ ‘ಕಾಯ್ದಿರಿಸಿದ ಹೃದಯ’ವನ್ನು ಪ್ರಕೃತಿ ಈ ಯಾವ ಜೀವಿಗೂ ಕೊಟ್ಟಿಲ್ಲ.

ನಮ್ಮೊಳಗಿನ ಜೋಡಿ

ಈ ಲೆಕ್ಕದಲ್ಲಿ ನೋಡಿದರೆ ನಾವೂ ಎರಡು ಹೃದಯದವರೇ. ಎದೆಯಲ್ಲಿರುವ ಸುಮಾರು 300 ಗ್ರಾಂ ತೂಕದ ಈ ಸ್ನಾಯುವಿನೊಳಗೆ ಒಂದಕ್ಕೊಂದು ಅಂಟಿಕೊಂಡ ಎರಡು ಪಂಪುಗಳಿವೆ. ಬಲಗಡೆಯದು ದೇಹದಿಂದ ಬಂದ ರಕ್ತವನ್ನು ಪಕ್ಕದ ಶ್ವಾಸಕೋಶಕ್ಕೆ ಕಳಿಸುತ್ತದೆ. ದಾರಿ ಹತ್ತಿರ, ಆದ್ದರಿಂದ 25 ಮಿಲಿಮೀಟರ್ ಪಾದರಸದಷ್ಟು ಒತ್ತಡ ಸಾಕು. ಎಡಗಡೆಯದು ನೆತ್ತಿಯಿಂದ ಅಂಗಾಲಿನ ತನಕ ರಕ್ತ ಮುಟ್ಟಿಸಬೇಕು. ಅದಕ್ಕೆ 120ರಷ್ಟು ಒತ್ತಡ ಬೇಕು. ಹಾಗಾಗಿ ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ಬಲಗಡೆ ಒಂದು ನಿಮಿಷಕ್ಕೆ 5 ಲೀಟರ್ ತಳ್ಳಿದರೆ ಎಡಗಡೆಯೂ ಅಷ್ಟನ್ನೇ ತಳ್ಳಬೇಕು. ಕೆಲವೇ ಗಂಟೆ ಎಡದ್ದು ಹಿಂದೆ ಬಿದ್ದರೂ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ, ಬಲ ಬೇರೆ ಬೇರೆಯಾದರೂ ಹೆಜ್ಜೆ ಒಂದೇ ಆಗಿರಲೇಬೇಕು.

ತಾಯಿಯ ಗರ್ಭದಲ್ಲಿ ಹೃದಯ ಹುಟ್ಟುವುದು ಕೂಡ ಜೋಡಿಯಾಗಿಯೇ. ಮೂರನೆಯ ವಾರದಲ್ಲಿ ಭ್ರೂಣದ ಎಡಕ್ಕೊಂದು ಬಲಕ್ಕೊಂದು ತೆಳುವಾದ ನಾಳ ಮೂಡುತ್ತದೆ. ಭ್ರೂಣ ಮಡಚಿಕೊಳ್ಳುವಾಗ ಇವೆರಡೂ ನಡುವಿಗೆ ಸರಿದು ಬೆಸೆದುಕೊಳ್ಳುತ್ತವೆ. ಸುಮಾರು 22ನೆಯ ದಿನಕ್ಕೆ ಮೊದಲ ಮಿಡಿತ. ಕೋಳಿಮೊಟ್ಟೆಯ ಭ್ರೂಣದಲ್ಲಿ ಈ ಬೆಸುಗೆಯನ್ನು ತಡೆದು ನೋಡಿದಾಗ ಎರಡು ಪ್ರತ್ಯೇಕ ಹೃದಯಗಳು ಬೆಳೆದು ಬೇರೆ ಬೇರೆಯಾಗಿ ಮಿಡಿದದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ. ಜೀಬ್ರಾ ಮೀನಿನಲ್ಲಿ ಒಂದೇ ಒಂದು ಜೀನ್ ಕೆಟ್ಟರೂ ಹೀಗಾಗುತ್ತದೆ. ಟೈಮ್ ಲಾರ್ಡ್‌ನ ಎದೆಯ ಚಿತ್ರ ಹೀಗೆ ಭ್ರೂಣಶಾಸ್ತ್ರದ ಪ್ರಯೋಗಾಲಯದಲ್ಲಿ ನಿಜವಾಗಿ ಕಂಡಿದೆ. ಆದರೆ ಅಂಥ ಭ್ರೂಣ ಬದುಕುವುದಿಲ್ಲ. ಬದುಕಬೇಕಾದರೆ ಎರಡೂ ಸೇರಲೇಬೇಕು.

ಬಲಗಡೆಯ ರಕ್ತ ಎಡಗಡೆಗೆ ಹೋಗುವ ದಾರಿ ಯಾವುದು ಎಂಬ ಪ್ರಶ್ನೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ತಪ್ಪು ಉತ್ತರದಲ್ಲೇ ನಿಂತಿತ್ತು. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಅವುಗಳಿಂದ ಜಿನುಗುತ್ತದೆ ಎಂದಿದ್ದ. 1242ರಲ್ಲಿ ಅರಬ್ ವೈದ್ಯ ಇಬ್ನ್ ಅಲ್ ನಫೀಸ್, ತನಗಿಂತ ಹಿಂದಿನ ವೈದ್ಯ ಇಬ್ನ್ ಸೀನಾನ ಗ್ರಂಥದ ಅಂಗರಚನಾ ಭಾಗಕ್ಕೆ ಬರೆದ ವ್ಯಾಖ್ಯಾನದಲ್ಲಿ ಅದನ್ನು ನೇರವಾಗಿ ಅಲ್ಲಗಳೆದ. ಆ ಗೋಡೆ ದಪ್ಪ, ರಂಧ್ರವಿಲ್ಲ. ರಕ್ತ ಶ್ವಾಸಕೋಶವನ್ನು ಸುತ್ತಿಯೇ ಎಡಕ್ಕೆ ಬರಬೇಕು ಎಂದು ಬರೆದ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ರಕ್ತ ಪರಿಚಲನೆಯ ಪುಸ್ತಕ ಪ್ರಕಟಿಸಿದ್ದು ಅದಾಗಿ ಶತಮಾನಗಳ ನಂತರ, 1628ರಲ್ಲಿ. ಇಬ್ನ್ ಅಲ್ ನಫೀಸನ ಹಸ್ತಪ್ರತಿ ಬರ್ಲಿನ್ನಿನ ಗ್ರಂಥಾಲಯದಲ್ಲಿ ಈಜಿಪ್ಟಿನ ವೈದ್ಯನೊಬ್ಬನ ಕಣ್ಣಿಗೆ ಬಿದ್ದದ್ದು 1924ರಲ್ಲಿ. ಅಲ್ಲಿಯ ತನಕ ಹೊರಜಗತ್ತು ಅವನನ್ನು ಮರೆತಿತ್ತು.

ಅಜ್ಮಲ್ ಖಾನ್ ರಸ್ತೆಯ ಹೆಸರಿನ ಹಿಂದೆ

ಗ್ಯಾಲನ್, ಇಬ್ನ್ ಸೀನಾ ಇವರಿಂದ ಹರಿದುಬಂದ ವೈದ್ಯಪದ್ಧತಿಯೇ ಯುನಾನಿ. ಅದಕ್ಕೆ ಭಾರತದಲ್ಲಿ ಹೊಸ ಜೀವ ಕೊಟ್ಟವರು ದೆಹಲಿಯ ಹಕೀಮ್ ಅಜ್ಮಲ್ ಖಾನ್. ರಾಜಧಾನಿಗೆ ಬಂದ ಕನ್ನಡಿಗರಿಗೆ ಕರೋಲ್ ಬಾಗ್ ಅಪರಿಚಿತವಲ್ಲ. ಮದುವೆ ಬಟ್ಟೆಗೆ ಅಜ್ಮಲ್ ಖಾನ್ ರಸ್ತೆ, ಮೊಬೈಲಿಗೆ ಗಫಾರ್ ಮಾರ್ಕೆಟ್, ಐಎಎಸ್ ತರಬೇತಿಗೆ ಪಕ್ಕದ ರಾಜೇಂದ್ರ ನಗರ. ಆದರೆ ದಿನವೂ ಸಾವಿರಾರು ಜನ ನಡೆದಾಡುವ ಆ ರಸ್ತೆಗೆ ಯಾರ ಹೆಸರಿದೆಯೋ ಅವರು ಕಟ್ಟಿದ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜಿನ ಕಡೆ ಕಣ್ಣು ಹಾಯಿಸುವವರು ಕಡಿಮೆ. 1916ರಲ್ಲಿ ವೈಸರಾಯ್ ಹಾರ್ಡಿಂಜ್ ಅದಕ್ಕೆ ಅಡಿಗಲ್ಲು ಹಾಕಿದರು. 1921ರ ಫೆಬ್ರವರಿ 13ರಂದು ಉದ್ಘಾಟಿಸಿದವರು ಮಹಾತ್ಮ ಗಾಂಧಿ. ಅದೇ ವರ್ಷ ಹಕೀಮರು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಅವರು ಮೊದಲ ಕುಲಾಧಿಪತಿಯಾಗಿದ್ದ ಜಾಮಿಯಾ ಮಿಲ್ಲಿಯಾ ವಿದ್ಯಾಪೀಠ 1925ರಲ್ಲಿ ಅಲಿಗಢದಿಂದ ಬಂದು ಹತ್ತು ವರ್ಷ ನಡೆದದ್ದೂ ಕರೋಲ್ ಬಾಗಿನಲ್ಲೇ.

ಹಕೀಮರ ವಿದ್ಯೆಯ ಕೇಂದ್ರ ನಾಡಿ ಪರೀಕ್ಷೆ. ಯುನಾನಿಯಲ್ಲಿ ಒಂದು ಮಿಡಿತವೆಂದರೆ ಎರಡು ಚಲನೆ, ಎರಡು ವಿರಾಮ: ನಾಳ ಹಿಗ್ಗುವುದು, ತಂಗುವುದು, ಕುಗ್ಗುವುದು, ಮತ್ತೆ ತಂಗುವುದು. ಇಬ್ನ್ ಸೀನಾ ನಾಡಿಯಲ್ಲಿ ಗಮನಿಸಬೇಕಾದ ಹತ್ತು ಲಕ್ಷಣಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಲಯವೂ ಒಂದು. ಎರಡು ಹೃದಯದ ಜೀವಿಯ ಮಣಿಕಟ್ಟನ್ನು ಇಂಥ ವೈದ್ಯರ ಕೈಗೆ ಕೊಟ್ಟರೆ ಬೆರಳಿಗೆ ಏನು ಸಿಗುತ್ತದೆ? ಇದು ಬರಿಯ ಊಹೆಯ ಪ್ರಶ್ನೆಯಲ್ಲ. ಎದೆಯೊಳಗೆ ಎರಡು ಹೃದಯ ಹೊತ್ತು ಓಡಾಡಿದ ಮನುಷ್ಯರು ನಿಜವಾಗಿ ಇದ್ದಾರೆ.

ನಿಜದ ದ್ವಿಹೃದಯಿಗಳು

1967ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಟೌನಿನಲ್ಲಿ ಡಾ. ಕ್ರಿಸ್ಟಿಯಾನ್ ಬರ್ನಾರ್ಡ್ ಜಗತ್ತಿನ ಮೊದಲ ಮಾನವ ಹೃದಯ ಕಸಿ ಮಾಡಿದರು. ಎರಡೇ ತಿಂಗಳಲ್ಲಿ, 1968ರ ಫೆಬ್ರವರಿಯಲ್ಲಿ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪ್ರಫುಲ್ಲ ಕುಮಾರ್ ಸೇನ್ ಭಾರತದ ಮೊದಲ ಪ್ರಯತ್ನ ಮಾಡಿದರು. ರೋಗಿ ಕೆಲವೇ ಗಂಟೆ ಬದುಕಿದರು. ಆ ಕಾಲದ ದೊಡ್ಡ ಶತ್ರು ದೇಹವೇ. ಹೊಸ ಹೃದಯವನ್ನು ಅದು ಪರಕೀಯವೆಂದು ತಿರಸ್ಕರಿಸುತ್ತಿತ್ತು. ಹಳೆಯದನ್ನು ತೆಗೆದುಹಾಕಿದ ಮೇಲೆ ಹೊಸದೂ ಕೈಕೊಟ್ಟರೆ ಗತಿಯೇನು? ಬರ್ನಾರ್ಡ್ 1974ರಲ್ಲಿ ಬೇರೆ ದಾರಿ ಹಿಡಿದರು. ರೋಗಿಯ ಹೃದಯವನ್ನು ಅಲ್ಲೇ ಬಿಟ್ಟು, ದಾನಿಯ ಹೃದಯವನ್ನು ಎದೆಯ ಬಲಭಾಗದಲ್ಲಿಟ್ಟು ರಕ್ತನಾಳಗಳನ್ನು ಬೆಸೆದರು. ಒಂದು ಸೋತರೆ ಇನ್ನೊಂದು ಇರಲಿ ಎಂಬ ಕಥೆಗಾರರ ತರ್ಕ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ನಿಜವಾಯಿತು.

ಈ ರೋಗಿಗಳ ದೇಹವೇ ನಮ್ಮ ಮೊದಲಿನ ಪ್ರಶ್ನೆಗಳಿಗೆ ಉತ್ತರ ಕೊಟ್ಟಿತು. ಜಾಗದ ಪ್ರಶ್ನೆ ಮೊದಲನೆಯದು. ಇರುವ ಒಂದು ಹೃದಯಕ್ಕೆ ಎಡೆ ಮಾಡಿಕೊಡಲು ನಮ್ಮ ಎಡ ಶ್ವಾಸಕೋಶ ಈಗಾಗಲೇ ಚಿಕ್ಕದಾಗಿದೆ. ಬಲಕ್ಕೆ ಮೂರು ಹಾಲೆಗಳಿದ್ದರೆ ಎಡಕ್ಕೆ ಎರಡೇ. ಎರಡನೆಯ ಹೃದಯ ಬಂದು ಕುಳಿತಾಗ ಬಲ ಶ್ವಾಸಕೋಶದ ಕೆಳಭಾಗ ಅದುಮಿಹೋಗುತ್ತಿತ್ತು. ಎರಡನೆಯದು ಜೋಡಣೆಯ ಪ್ರಶ್ನೆ. ಎರಡೂ ಹೃದಯ ಒಂದೇ ಮಹಾಪಧಮನಿಗೆ ರಕ್ತ ತಳ್ಳುವಾಗ ಬಲವಾದದ್ದು ಹುಟ್ಟಿಸಿದ ಒತ್ತಡಕ್ಕೆ ದುರ್ಬಲ ಹೃದಯದ ಕವಾಟ ತೆರೆಯುವುದೇ ಕಷ್ಟ. ಆಗ ದುರ್ಬಲ ಹೃದಯದೊಳಗೆ ರಕ್ತ ನಿಂತು ಹೆಪ್ಪುಗಟ್ಟುವ ಅಪಾಯ. ಮೂರನೆಯದು ಲಯ. ದಾನಿಯ ಹೃದಯಕ್ಕೆ ಮಿದುಳಿನಿಂದ ಬರುವ ನರಗಳು ಕಡಿದುಹೋಗಿರುತ್ತವೆ. ಹಾಗಾಗಿ ಅದು ತನ್ನದೇ ವೇಗದಲ್ಲಿ, ಸಾಮಾನ್ಯವಾಗಿ ನಿಮಿಷಕ್ಕೆ 90ರಿಂದ 110 ಬಾರಿ ಮಿಡಿಯುತ್ತದೆ. ರೋಗಿಯ ಸ್ವಂತ ಹೃದಯದ ವೇಗ ಬೇರೆ. ಇಸಿಜಿ ಹಾಳೆಯ ಮೇಲೆ ಎರಡು ಲಯಗಳ ಗೆರೆ ಒಂದರೊಳಗೊಂದು ಹೆಣೆದುಕೊಂಡು ಮೂಡುತ್ತದೆ. ಮಣಿಕಟ್ಟಿನ ನಾಡಿಯೂ ಒಮ್ಮೆ ತುಂಬಿ, ಒಮ್ಮೆ ಸೊರಗಿ, ತಾಳ ತಪ್ಪುತ್ತದೆ.

ಆದರೂ ಈ ವಿಧಾನ ಬದುಕಿಸಿದವರಿದ್ದಾರೆ. 1995ರಲ್ಲಿ ಇಂಗ್ಲೆಂಡಿನ ಹೇರ್‌ಫೀಲ್ಡ್ ಆಸ್ಪತ್ರೆಯಲ್ಲಿ ಡಾ. ಮಗ್ದಿ ಯಾಕೂಬ್ ಎರಡು ವರ್ಷದ ಹೆಣ್ಣುಮಗುವಿಗೆ ಹೀಗೆ ಎರಡನೆಯ ಹೃದಯ ಜೋಡಿಸಿದರು. ಕಸಿಯನ್ನು ದೇಹ ತಿರಸ್ಕರಿಸದಂತೆ ಕೊಡುತ್ತಿದ್ದ ಔಷಧಗಳಿಂದ ಮುಂದೆ ಆ ಹುಡುಗಿಗೆ ಕ್ಯಾನ್ಸರ್ ಬಂತು. 2006ರಲ್ಲಿ ವೈದ್ಯರು ದಾನಿಯ ಹೃದಯವನ್ನು ತೆಗೆದುಹಾಕಿದರು. ಹತ್ತು ವರ್ಷ ಪಕ್ಕದ ಹೃದಯ ಭಾರ ಹೊತ್ತಾಗ ಅವಳ ಸ್ವಂತ ಹೃದಯ ವಿಶ್ರಾಂತಿ ಪಡೆದು ಚೇತರಿಸಿಕೊಂಡಿತ್ತು. ಔಷಧ ನಿಲ್ಲಿಸಿದ ಮೇಲೆ ಕ್ಯಾನ್ಸರ್ ಕೂಡ ಗುಣವಾಯಿತು. ಸೋತ ಹೃದಯಕ್ಕೆ ವಿಶ್ರಾಂತಿ ಸಿಕ್ಕರೆ ಅದು ಮತ್ತೆ ಎದ್ದು ನಿಲ್ಲಬಲ್ಲದು ಎಂಬುದಕ್ಕೆ ಈ ಮಗು ಸಾಕ್ಷಿಯಾಯಿತು. ಇವತ್ತು ತಿರಸ್ಕಾರ ತಡೆಯುವ ಔಷಧಗಳು ಸುಧಾರಿಸಿವೆ, ರಕ್ತ ತಳ್ಳುವ ಯಂತ್ರಗಳು ಬಂದಿವೆ. ಜೋಡಿ ಹೃದಯದ ಕಸಿ ತೀರಾ ಅಪರೂಪವಾಗಿದೆ.

ಲಯವೇ ಪ್ರಾಣ

ಈ ರೋಗಿಗಳಿಂದ ಕಲಿಯುವ ಪಾಠ ಒಂದೇ. ಹೃದಯದ ಬಲ ಅದರ ಸಂಖ್ಯೆಯಲ್ಲಿಲ್ಲ, ಹೊಂದಾಣಿಕೆಯಲ್ಲಿದೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಒಂದು ಪುಟ್ಟ ಜೀವಕೋಶಗಳ ಗಂಟಿದೆ. 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಅದನ್ನು ಗುರುತಿಸಿದರು. ಅಲ್ಲಿ ಹುಟ್ಟಿದ ವಿದ್ಯುತ್ ಅಲೆ ಕೋಟ್ಯಂತರ ಸ್ನಾಯುಕೋಶಗಳಿಗೆ ಕ್ರಮವಾಗಿ ಹರಡಿ, ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಎಲ್ಲವನ್ನೂ ತಾಳಬದ್ಧವಾಗಿ ಕುಗ್ಗಿಸುತ್ತದೆ. ಈ ಕ್ರಮ ತಪ್ಪಿ ಹೃತ್ಕುಕ್ಷಿ ಅಂಕೆಯಿಲ್ಲದೆ ಅದುರತೊಡಗಿದರೆ ಹೃದಯ ಎದೆಯಲ್ಲಿ ಇದ್ದೂ ಇಲ್ಲದ ಹಾಗೆ. ಒಂದು ಹನಿ ರಕ್ತವೂ ಮುಂದೆ ಹೋಗುವುದಿಲ್ಲ.

ಈ ಲಯದ ವಿಜ್ಞಾನಕ್ಕೆ ಕರೋಲ್ ಬಾಗ್ ಕೊಟ್ಟ ಕಾಣಿಕೆಯನ್ನು ನಾವು ಇನ್ನೂ ಹೆಚ್ಚು ನೆನೆಯಬೇಕು. ಯುನಾನಿ, ಆಯುರ್ವೇದದ ಔಷಧಗಳು ಆಧುನಿಕ ರಸಾಯನಶಾಸ್ತ್ರದ ಪರೀಕ್ಷೆಗೆ ಒಳಗಾಗಬೇಕು ಎಂಬುದು ಅಜ್ಮಲ್ ಖಾನರ ಹಟ. ಅದಕ್ಕಾಗಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಡಾಕ್ಟರೇಟ್ ಮುಗಿಸಿದ್ದ ಸಲೀಮುಜ್ಜಮಾನ್ ಸಿದ್ದೀಕಿ ಎಂಬ ತರುಣ ರಸಾಯನಶಾಸ್ತ್ರಜ್ಞರನ್ನು ತಿಬ್ಬಿಯಾ ಕಾಲೇಜಿನ ಸಂಶೋಧನೆಗೆ ಆರಿಸಿದರು. 1927ರ ಡಿಸೆಂಬರಿನಲ್ಲಿ ಹಕೀಮರು ತೀರಿಕೊಂಡರು. ಸಿದ್ದೀಕಿ ಕೆಲಸ ಬಿಡಲಿಲ್ಲ. ನಿದ್ದೆಗೇಡು, ಉನ್ಮಾದಗಳಿಗೆ ದೇಸಿ ವೈದ್ಯರು ತಲೆಮಾರುಗಳಿಂದ ಕೊಡುತ್ತಿದ್ದ ಸರ್ಪಗಂಧದ ಬೇರನ್ನು ಕೈಗೆತ್ತಿಕೊಂಡರು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಸಿಗುವ ಗಿಡ ಅದು. 1931ರಲ್ಲಿ ಅದರಿಂದ ಹಲವು ಕ್ಷಾರವಸ್ತುಗಳನ್ನು ಬೇರ್ಪಡಿಸಿ, ಒಂದಕ್ಕೆ ತಮ್ಮನ್ನು ಕರೆತಂದ ಹಿರಿಯರ ನೆನಪಿಗೆ ‘ಅಜ್ಮಲಿನ್’ ಎಂದು ಹೆಸರಿಟ್ಟರು.

ಅಜ್ಮಲಿನ್ ಹೃದಯದ ಜೀವಕೋಶಗಳಿಗೆ ಸೋಡಿಯಂ ನುಗ್ಗುವ ದಾರಿಯನ್ನು ತಡೆದು ವಿದ್ಯುತ್ ಅಲೆಯ ಓಟವನ್ನು ನಿಧಾನಿಸುತ್ತದೆ ಎಂಬುದು ಮುಂದೆ ತಿಳಿಯಿತು. ಲಯ ತಪ್ಪಿದ ಹೃದಯಗಳಿಗೆ ಅದು ಯುರೋಪಿನಲ್ಲಿ ಔಷಧವಾಯಿತು. 1992ರಲ್ಲಿ ಹೃದ್ರೋಗ ತಜ್ಞರಾದ ಬ್ರುಗಾಡಾ ಸೋದರರು ಒಂದು ಕಾಯಿಲೆಯನ್ನು ವಿವರಿಸಿದರು. ನೋಡಲು ಆರೋಗ್ಯವಂತರೇ ಆದವರು ನಿದ್ದೆಯಲ್ಲಿ ಹಠಾತ್ತನೆ ಸಾಯುವ ವಂಶವಾಹಿ ದೋಷ ಅದು. ಅನೇಕರಲ್ಲಿ ಮಾಮೂಲಿ ಇಸಿಜಿಯಲ್ಲಿ ಈ ದೋಷ ಅಡಗಿರುತ್ತದೆ. ವೈದ್ಯರ ನಿಗಾದಲ್ಲಿ ರಕ್ತನಾಳಕ್ಕೆ ಅಜ್ಮಲಿನ್ ಕೊಟ್ಟಾಗ ಅದು ಹೊರಗೆ ಕಾಣಿಸಿಕೊಳ್ಳುತ್ತದೆ. ನಾಡಿ ಹಿಡಿದು ಲಯ ಅರಿಯುತ್ತಿದ್ದ ಹಕೀಮರ ಹೆಸರು ಇವತ್ತು ಜಗತ್ತಿನ ಹೃದ್ರೋಗ ಕೇಂದ್ರಗಳಲ್ಲಿ ಅಡಗಿದ ಲಯದೋಷವನ್ನು ಪತ್ತೆಹಚ್ಚುವ ಔಷಧದ ಹೆಸರಾಗಿ ಉಳಿದಿದೆ. ಸರ್ಪಗಂಧದ ಇನ್ನೊಂದು ವಸ್ತು ರಿಸರ್ಪಿನ್ 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೇರ್ಪಟ್ಟು ರಕ್ತದೊತ್ತಡದ ಔಷಧವಾಯಿತು.

ಹೊರಗಿರುವ ಎರಡನೆಯ ಹೃದಯ

ನಮ್ಮ ದೇಹ ಬದಲಿ ಹೃದಯ ಕೊಟ್ಟಿಲ್ಲ, ಸಹಾಯಕರನ್ನು ಕೊಟ್ಟಿದೆ. ಕಾಲಿನ ಮೀನಖಂಡದ ಸ್ನಾಯುಗಳು ನಡೆಯುವಾಗ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತವೆ. ವೈದ್ಯರು ಅವನ್ನು ಎರಡನೆಯ ಹೃದಯವೆಂದು ಕರೆಯುವುದುಂಟು. ಗಂಟೆಗಟ್ಟಲೆ ಕೂತು ಓದುವವರು, ಕೆಲಸ ಮಾಡುವವರು ನಡುನಡುವೆ ಎದ್ದು ನಡೆಯಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಎದೆಯೊಳಗಿನ ಹೃದಯ ಪೂರ್ತಿ ಸೋತಾಗ ಸಿಗಬಹುದಾದ ಇನ್ನೊಂದು ಹೃದಯ ಬೇರೊಬ್ಬರದು. 1994ರಲ್ಲಿ ಅಂಗಾಂಗ ಕಸಿ ಕಾಯ್ದೆ ಬಂತು. ಆ ವರ್ಷದ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದರು. ಕರ್ನಾಟಕದಲ್ಲಿ ಅಂಗದಾನದ ಹೊಣೆ ಹೊತ್ತಿರುವುದು ‘ಜೀವಸಾರ್ಥಕತೆ’ ಸಂಸ್ಥೆ. 2021ರಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಕೊಂಡಾಗ ಅವರ ಕುಟುಂಬ ಅಂಗದಾನಕ್ಕೆ ಒಪ್ಪಿತು. ಅಂಥ ಹೊತ್ತಿನಲ್ಲಿ ಹೂಂ ಎನ್ನಲು ಎಷ್ಟು ಧೈರ್ಯ ಬೇಕೆಂದು ಎಲ್ಲರೂ ಯೋಚಿಸಬೇಕು. ಮನೆಯವರಿಗೆ ಆ ಕಷ್ಟ ಹಗುರವಾಗಬೇಕಾದರೆ ನಮ್ಮ ಇಚ್ಛೆಯನ್ನು ನಾವು ಗಟ್ಟಿಯಾಗಿರುವಾಗಲೇ ಅವರಿಗೆ ಹೇಳಿರಬೇಕು.

ಅದೇ ವರ್ಷ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ಹೋದಾಗ ಇಡೀ ನಾಡು ತನ್ನ ಎದೆ ಮುಟ್ಟಿ ನೋಡಿಕೊಂಡಿತು. ಅವರ ಹೆಸರಿನಲ್ಲಿ ಸರ್ಕಾರ ತಂದ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಪರೀಕ್ಷಿಸಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಎದೆನೋವು ಬಂದವರು ಗ್ಯಾಸ್ ಎಂದು ಮನೆಯಲ್ಲಿ ಕಾಯದೆ ಅಲ್ಲಿಗೆ ಹೋದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಆದರೆ ಹೃದಯ ಪೂರ್ತಿ ನಿಂತವರಿಗೆ ಆಸ್ಪತ್ರೆ ತಲುಪುವಷ್ಟು ಸಮಯವಿರುವುದಿಲ್ಲ. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಆ ನಿಮಿಷಗಳಲ್ಲಿ ಪಕ್ಕದಲ್ಲಿರುವವರ ಕೈಗಳೇ ಹೃದಯವಾಗಬೇಕು. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ವೈದ್ಯಕೀಯ ತಂಡ ಎದೆ ಸೀಳದೆಯೇ ಹೊರಗಿನಿಂದ ಒತ್ತಿ ರಕ್ತ ಹರಿಸಬಹುದೆಂದು ತೋರಿಸಿತು. ಬಿದ್ದವರು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ 108 ಅಥವಾ 112ಕ್ಕೆ ಕರೆ ಮಾಡಿಸಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುವಿನ ಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡವಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಬಾಗಿಸದೆ ಒತ್ತಿ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಬಾರಿ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಿ. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ.

ಎಷ್ಟೇ ಚೆನ್ನಾಗಿ ಒತ್ತಿದರೂ ಹೃದಯ ತಾನೇ ತಳ್ಳುವುದರ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ರಕ್ತವನ್ನು ಮಾತ್ರ ಕೈಗಳು ಹರಿಸಬಲ್ಲವು. ಮಿದುಳನ್ನು ಸ್ವಲ್ಪ ಹೊತ್ತು ಉಳಿಸಿಕೊಳ್ಳಲು ಅಷ್ಟು ಸಾಕಾಗಬಹುದು. ಶಾಲೆ, ಕಚೇರಿ, ಅಪಾರ್ಟ್‌ಮೆಂಟ್, ಕನ್ನಡ ಸಂಘ, ಎಲ್ಲಿ ನಾಲ್ಕು ಜನ ಸೇರುತ್ತಾರೋ ಅಲ್ಲೆಲ್ಲ ಈ ತರಬೇತಿ ನಡೆಯಬೇಕು. ಮನೆಯಲ್ಲಿ ಒಬ್ಬರು ಕಲಿತರೆ ಸಾಲದು, ಎಲ್ಲರೂ ಕಲಿಯಬೇಕು. ಕಲಿತವರ ಹೃದಯವೇ ನಿಂತ ದಿನ ಒತ್ತಬೇಕಾದ್ದು ಇನ್ನೊಬ್ಬರ ಕೈ.